ಮೊಟ್ಟೆ ಇಡುವ ಜಾಗ: ನಿಮ್ಮ ತೋಟ, ಗದ್ದೆ, ಹಳ್ಳದಲ್ಲಿ ಏನೇನು ಕಂಡಿದ್ದೀರಿ?

ಮೂಡಿಗೆರೆ ತೋಟದವನು

ಮುಂಗಾರು ಚೆನ್ನಾಗಿ ಹಿಡಿದಿದೆ. ನಮ್ಮ ತೋಟದ ಕೆರೆ ಮೇಲೆ ಬಾಗಿರುವ ಕೊಂಬೆಗಳಲ್ಲಿ ಈಗ ನೊರೆ ಗೂಡುಗಳು ನೇತಾಡುತ್ತಿವೆ. ಗೊತ್ತಿಲ್ಲದವರಿಗೆ ಯಾರೋ ಸೋಪಿನ ನೊರೆ ಎರಚಿದ ಹಾಗೆ ಕಾಣುತ್ತದೆ. ಅದು ಹಾರುವ ಕಪ್ಪೆಯ ಮೊಟ್ಟೆ ಗೂಡು. ಮಲಬಾರ್ ಗ್ಲೈಡಿಂಗ್ ಫ್ರಾಗ್ ಅಂತಾರಲ್ಲ, ಹಸಿರು ಮೈ, ಬೆರಳುಗಳ ನಡುವೆ ಕೆಂಪು ಜಾಲ, ಅದೇ.

ರಾತ್ರಿ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ಹೆಣ್ಣಿನ ಬೆನ್ನ ಮೇಲೆ ಗಂಡು ಕೂತಿತ್ತು. ಹೆಣ್ಣು ಒಂದು ಅಂಟು ದ್ರವ ಬಿಡುತ್ತಾ ಹಿಂಗಾಲಿನಿಂದ ಅದನ್ನು ಕಡೆಯುತ್ತಿತ್ತು. ಕಡೆದ ಹಾಗೆಲ್ಲ ನೊರೆ ಉಬ್ಬುತ್ತದೆ, ಮೊಟ್ಟೆಗಳು ಅದರೊಳಗೆ ಸೇರಿಕೊಳ್ಳುತ್ತವೆ. ಪಕ್ಕದ ಎಲೆಗಳೂ ನೊರೆಗೆ ಅಂಟಿಕೊಂಡಿದ್ದವು. ಬೆಳಗಾಗುವ ಹೊತ್ತಿಗೆ ಮೇಲ್ಭಾಗ ಒಣಗಿ ಸಿಪ್ಪೆ ಕಟ್ಟಿತ್ತು. ಒಳಗೆ ಮಾತ್ರ ಒದ್ದೆ. ಕೆಲವು ದಿನಕ್ಕೆ ಗೊದಮೊಟ್ಟೆಗಳು ಅದರೊಳಗೇ ಹುಟ್ಟಿ, ನೊರೆ ಕರಗಿದಾಗ ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ನೀರಲ್ಲೇ ಮೊಟ್ಟೆ ಇಟ್ಟಿದ್ದರೆ ಮೀನು, ನೀರಿನ ಹುಳುಗಳ ಪಾಲಾಗುತ್ತಿದ್ದವು.

ಮೊಟ್ಟೆ ವಿಷಯ ಬಂದರೆ ಎಷ್ಟು ಇಟ್ಟಿತು, ಎಷ್ಟು ದಿನಕ್ಕೆ ಮರಿ ಆಗುತ್ತೆ ಅಂತ ಕೇಳುತ್ತೇವೆ. ನನಗೆ ಎಲ್ಲಿ ಇಟ್ಟಿತು ಅನ್ನುವುದೇ ದೊಡ್ಡ ವಿಷಯ. ಮೊಟ್ಟೆಗೆ ಓಡೋಕೆ ಬರಲ್ಲ. ತಾಯಿ ನೋಡಿಕೊಂಡ ಜಾಗದ ಮೇಲೇ ಅದರ ಬದುಕು ನಿಂತಿದೆ. ನಾವು ಮಳೆಗಾಲದಲ್ಲಿ ಕೆರೆ ಅಂಚಿನ ಕೊಂಬೆ ಸವರಿದರೆ ಕಪ್ಪೆಗೆ ಏನೂ ಆಗಲ್ಲ, ಆದರೆ ಆ ವರ್ಷದ ಸಂತಾನ ಹೋಯಿತು.

ಹಾಸನ, ಚಿಕ್ಕಮಗಳೂರು ಕಡೆಯವರು ಕಣ್ಣಾರೆ ಕಂಡದ್ದನ್ನು ಬರೆಯಿರಿ. ಹಕ್ಕಿ, ಹಾವು, ಮೀನು, ಹುಳು, ಯಾವುದಾದರೂ ಆಗಲಿ.

ಹಾಸನದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ನಮ್ಮ ಮಕ್ಕಳಿಗೆ "ಹಾವು ಮೊಟ್ಟೆ ಇಡುತ್ತೆ" ಅಂತ ಒಂದೇ ಸಾಲಿನಲ್ಲಿ ಕಲಿಸಿಬಿಡುತ್ತೇವೆ. ನಾಗರಹಾವು, ಕೆರೆಹಾವು, ಹೆಬ್ಬಾವು ಮೊಟ್ಟೆ ಇಡುತ್ತವೆ, ಸರಿ. ಕೊಳಕು ಮಂಡಲ ನೇರ ಮರಿ ಹಾಕುತ್ತದೆ. ಪೊದೆಯಲ್ಲಿ ಸಿಗುವ ಹಸಿರು ಹಾವೂ ಮರಿ ಹಾಕುತ್ತದೆ, ಮಣ್ಣುಮುಕ್ಕ ಹಾವೂ ಅಷ್ಟೆ. ಮೊಟ್ಟೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಮರಿ ಬಲಿತ ಮೇಲೆ ಹೊರಗೆ ಬಿಡುವುದೂ ಜಾಗ ಆರಿಸುವ ಒಂದು ದಾರಿಯೇ ಅಲ್ವಾ? ಅಲ್ಲಿ ತಾಯಿಯ ಮೈಯೇ ಗೂಡು.

ಹಾಲೂಡುವ ಪ್ರಾಣಿಗಳಲ್ಲಿ ಮೊಟ್ಟೆ ಇಡುವುದು ಎರಡೇ ಬಗೆ: ಪ್ಲಾಟಿಪಸ್ ಮತ್ತು ಎಕಿಡ್ನಾ. ಪ್ಲಾಟಿಪಸ್ ಇರುವುದು ಆಸ್ಟ್ರೇಲಿಯಾದಲ್ಲಿ, ಎಕಿಡ್ನಾ ಅಲ್ಲಿ ಮತ್ತು ನ್ಯೂಗಿನಿಯಲ್ಲಿ. ಪ್ಲಾಟಿಪಸ್ ಹೊಳೆ ದಂಡೆಯ ಬಿಲದಲ್ಲಿ ಸಾಮಾನ್ಯವಾಗಿ 2 ಮೊಟ್ಟೆ ಇಟ್ಟು, ಮೈ ಸುತ್ತಿಕೊಂಡು ಸುಮಾರು 10 ದಿನ ಕಾವು ಕೊಡುತ್ತದೆ. ಅದಕ್ಕೆ ಮೊಲೆ ತೊಟ್ಟಿಲ್ಲ. ಹಾಲು ಚರ್ಮದಿಂದ ಒಸರುತ್ತದೆ, ಮರಿ ಅದನ್ನೇ ಹೀರುತ್ತದೆ. ಇದು ನಿಜವಾಗಿ ಮೊಟ್ಟೆ ಇಡುತ್ತದಾ ಇಲ್ಲವಾ ಅಂತ ಯುರೋಪಿನ ವಿಜ್ಞಾನಿಗಳು ದಶಕಗಟ್ಟಲೆ ಜಗಳಾಡಿದರು. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಎಂಬಾತ ಆಸ್ಟ್ರೇಲಿಯಾದಿಂದ ತಂತಿ ಕಳಿಸಿದ ಮೇಲೆ ಜಗಳ ನಿಂತಿತು. ಅಲ್ಲಿನ ಮೂಲನಿವಾಸಿಗಳಿಗೆ ಅದು ಎಷ್ಟೋ ಕಾಲದಿಂದ ಗೊತ್ತಿತ್ತು. ಕೇಳುವವರು ಬೇಕಿತ್ತು ಅಷ್ಟೆ.

ಕೊಪ್ಪದ ಹುಡುಗಿ

ನಮ್ಮ ಕಡೆ ಮೊಟ್ಟೆ ಅಂದರೆ ಕಾಳಿಂಗದ್ದು ಹೇಳಲೇಬೇಕು. ಎಲೆ ಒಟ್ಟಿ ಗೂಡು ಕಟ್ಟುವ ಹಾವು ಜಗತ್ತಿನಲ್ಲೇ ಅದೊಂದೇ.

ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ, ಬಿದಿರು ಮೆಳೆ ಬುಡದಲ್ಲಿ ಒಂದು ಗೂಡು ಇತ್ತು. ಅರಣ್ಯ ಇಲಾಖೆಯವರ ಜೊತೆ ದೂರದಲ್ಲಿ ನಿಂತು ನೋಡಿದ್ದೇನೆ. ಸುಮ್ನೆ ನೋಡಿದರೆ ದರಗಿನ ಗುಡ್ಡೆ. ಆದರೆ ಸುತ್ತಲಿನ ನೆಲ ಗುಡಿಸಿದ ಹಾಗೆ ಬೋಳಾಗಿತ್ತು. ಕೈಯಿಲ್ಲ, ಕಾಲಿಲ್ಲ, ಮೈಯನ್ನೇ ಕೊಕ್ಕೆ ಮಾಡಿ ಎಲೆ ಎಳೆದು ತಂದು ಒತ್ತಿ ಒತ್ತಿ ಕೂರಿಸಿರುತ್ತದೆ. ಮೇಲಿನ ಎಲೆಗಳು ಎಷ್ಟು ಒತ್ತಾಗಿರುತ್ತವೆ ಅಂದರೆ ನಮ್ಮ ಮಲೆನಾಡಿನ ಮಳೆಗೂ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಒಳಗಿನ ಎಲೆ ಕೊಳೆಯುವಾಗ ಬಿಸಿ ಹುಟ್ಟುತ್ತದೆ. ಆ ಬಿಸಿಯೇ ಕಾವು.

ಒಂದು ಗೂಡಿನಲ್ಲಿ 20ರಿಂದ 40 ಮೊಟ್ಟೆ ಇರಬಹುದು. ಮರಿ ಆಗಲು ಎರಡರಿಂದ ಮೂರು ತಿಂಗಳು. ತಾಯಿ ಗೂಡಿನ ಮೇಲೋ ಪಕ್ಕದಲ್ಲೋ ಕಾವಲಿರುತ್ತದೆ, ಮೊಟ್ಟೆ ಒಡೆಯುವ ಮುಂಚೆ ಎದ್ದು ಹೋಗುತ್ತದೆ. ಕಾಳಿಂಗದ ಊಟವೇ ಬೇರೆ ಹಾವು. ತನ್ನ ಮರಿಯನ್ನೇ ತಿಂದುಬಿಡಬಾರದು ಅಂತ ಹೋಗುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಾರೆ.

ಇನ್ನೊಂದು ಸಂತೋಷದ ಸಂಗತಿ. 2024ರಲ್ಲಿ ಕಾಳಿಂಗ ಒಂದೇ ಜಾತಿಯಲ್ಲ, ನಾಲ್ಕು ಅಂತ ವಿಂಗಡಿಸಿದರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ವೈಜ್ಞಾನಿಕ ಹೆಸರು ಒಫಿಯೋಫೇಗಸ್ ಕಾಳಿಂಗ. ನಾವು ಕರೆಯುವ ಹೆಸರೇ ಈಗ ಜಗತ್ತಿನ ಪುಸ್ತಕದಲ್ಲಿದೆ.

ಆಲೂರು ಗದ್ದೆ

ಕೇಳೋಕೆ ಚೆನ್ನಾಗಿದೆ. ಆದರೆ ಮನೆ ಹಿಂದೆಯೇ ಗೂಡು ಸಿಕ್ಕರೆ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಹುಟ್ಟಿದ ಮರಿಗೂ ವಿಷ ಇರುತ್ತೆ ತಾನೇ?

ಕೊಪ್ಪದ ಹುಡುಗಿ

ಇರುತ್ತದೆ, ಹುಟ್ಟಿದ ದಿನದಿಂದಲೇ. ನಿಮ್ಮ ಭಯ ತಪ್ಪಲ್ಲ. ಗೂಡು ಕಂಡರೆ ಕೆದಕಬೇಡಿ, ಮೊಟ್ಟೆ ಮುಟ್ಟಬೇಡಿ, ತಾಯಿಯನ್ನು ಅಟ್ಟಬೇಡಿ. ಮಕ್ಕಳನ್ನು, ನಾಯಿಯನ್ನು ಆ ಕಡೆ ಬಿಡಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ತಿಳಿದವರು ಬಂದು ಗೂಡನ್ನು ಇದ್ದಲ್ಲೇ ಬಿಟ್ಟು, ಮರಿ ಹೊರಬರುವ ಹೊತ್ತಿಗೆ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾರೆ. ಹುಟ್ಟಿದ ಮರಿಗಳನ್ನು ಹಿಡಿದು ಕಾಡಿಗೆ ಬಿಡುತ್ತಾರೆ. ಆಗುಂಬೆ ಸುತ್ತ ಇದು ವರ್ಷಗಳಿಂದ ನಡೆಯುತ್ತಿದೆ. ಮೊಟ್ಟೆ ಎತ್ತಿ ಬೇರೆ ಕಡೆ ಇಡುತ್ತೇವೆ ಅಂತ ಹೋದರೆ ತೇವ, ಬಿಸಿ ಎಲ್ಲಾ ಏರುಪೇರಾಗಿ ಒಳಗಿನ ಮರಿ ಸಾಯುತ್ತದೆ.

ಸಕಲೇಶಪುರ ಅರೇಬಿಕಾ

ಎಲ್ಲರೂ ಉಳಿಸುವ ಮೊಟ್ಟೆ ಬಗ್ಗೆ ಬರೆದಿದ್ದೀರಿ. ನಾನು ಉಳಿಯಬಾರದ ಮೊಟ್ಟೆ ಬಗ್ಗೆ ಬರೆಯುತ್ತೇನೆ. ಬಿಳಿ ಕಾಂಡಕೊರಕ, ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ. ಅರೇಬಿಕಾ ಕಾಫಿ ಬೆಳೆಯುವವರಿಗೆ ಈ ಹೆಸರು ಕೇಳಿದರೆ ನಿದ್ದೆ ಬರಲ್ಲ.

ಈ ದುಂಬಿ ಹಾರುವುದು ವರ್ಷಕ್ಕೆ ಎರಡು ಕಾಲ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಚೆನ್ನಾಗಿ ಬಿಸಿಲು ಬಿದ್ದಾಗ ಓಡಾಟ ಜಾಸ್ತಿ. ಹೆಣ್ಣು ದುಂಬಿ ಕಾಂಡದ ಮೇಲೆ ತಿರುಗಾಡಿ, ತೊಗಟೆಯ ಬಿರುಕು, ಸಡಿಲ ಚಕ್ಕೆಯ ಸಂದು ಹುಡುಕಿ ಮೊಟ್ಟೆ ಸೇರಿಸುತ್ತದೆ. ನೆರಳಿಲ್ಲದೆ ಬಿಸಿಲಿಗೆ ಬಿದ್ದ ಗಿಡವೇ ಅದಕ್ಕೆ ಇಷ್ಟ. ಸುಮಾರು 10 ದಿನಕ್ಕೆ ಮರಿಹುಳು ಹೊರಬಂದು ಮೊದಲು ತೊಗಟೆ ಕೆಳಗೆ ತಿನ್ನುತ್ತದೆ, ಆಮೇಲೆ ಗಟ್ಟಿ ಮರದೊಳಗೆ ಸುರಂಗ ಕೊರೆಯುತ್ತದೆ. ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಎಲೆ ಹಳದಿಯಾಗಿ ಬಾಡುವುದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಕಾಂಡದ ಮೇಲೆ ಉಬ್ಬಿದ ಗೆರೆ ಕೈಗೆ ಸಿಗುತ್ತದೆ, ಅದೇ ಗುರುತು.

ಮೇಲೆ ಹೇಳಿದ ಜಾಗದ ಮಾತು ಇಲ್ಲಿ ತಿರುಗಿ ಕೆಲಸಕ್ಕೆ ಬರುತ್ತದೆ. ಹುಳು ಒಳಗೆ ಹೋದ ಮೇಲೆ ಔಷಧಿ ತಲುಪುವುದು ಕಷ್ಟ. ಮೊಟ್ಟೆ ಇಡಲು ಜಾಗ ಸಿಗದ ಹಾಗೆ ಮಾಡಬಹುದು. ತೆಂಗಿನ ನಾರು ಅಥವಾ ಒರಟು ಕೈಗವಸಿನಿಂದ ಕಾಂಡ, ದಪ್ಪ ರೆಕ್ಕೆಗಳನ್ನು (ಪಕ್ಕದ ಕೊಂಬೆಗಳನ್ನು) ಉಜ್ಜಿ ಸಡಿಲ ತೊಗಟೆ ತೆಗೆಯುತ್ತೇವೆ. ಕಾಂಡ ನುಣುಪಾದರೆ ಸಂದು ಇಲ್ಲ, ಸಂದು ಇಲ್ಲದಿದ್ದರೆ ಮೊಟ್ಟೆ ನಿಲ್ಲಲ್ಲ. ಹಾರುವ ಕಾಲ ಶುರುವಾಗುವ ಮುಂಚೆ 10 ಪರ್ಸೆಂಟ್ ಸುಣ್ಣದ ನೀರು ಹೊಡೆಯುತ್ತೇವೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸಾಲು ಸಾಲು ನೋಡಿ ಹುಳು ಬಿದ್ದ ಗಿಡ ಕಿತ್ತು ಸುಡಬೇಕು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರೂ ಹೇಳುವುದು ಇದನ್ನೇ.

ಮೂಡಿಗೆರೆ ತೋಟದವನು

ಉಜ್ಜುವಾಗ ಹಸಿರು ತೊಗಟೆಗೆ ಗಾಯ ಆಗಲ್ವಾ? ಇನ್ನೊಂದು, ನೆರಳು ಎಷ್ಟು ಇದ್ದರೆ ಸಾಕು? ಕಾಳುಮೆಣಸಿಗೆ ಬಿಸಿಲು ಬೇಕು ಅಂತ ನಮ್ಮ ಪಕ್ಕದ ತೋಟದವರು ಮರಸು (ನೆರಳು ಮರದ ಕೊಂಬೆ ಸವರುವುದು) ಜೋರಾಗಿಯೇ ಮಾಡಿಸಿದ್ದಾರೆ.

ಸಕಲೇಶಪುರ ಅರೇಬಿಕಾ

ಉಜ್ಜುವುದು ಸಡಿಲ ಚಕ್ಕೆಯನ್ನು ಮಾತ್ರ, ಹೆರೆಯಬಾರದು. ಕತ್ತಿ, ಬ್ಲೇಡು ಮುಟ್ಟಿಸಲೇಬೇಡಿ. ಗಾಯವಾದರೆ ಮತ್ತೆ ಬಿರುಕು ಬಿಡುತ್ತದೆ. ನೆರಳಿಗೆ ಒಂದೇ ಲೆಕ್ಕ ಹೇಳಲಾರೆ. ಇಳಿಜಾರು ಯಾವ ದಿಕ್ಕಿಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲು ನೇರ ಕಾಂಡಕ್ಕೆ ಬೀಳುವ ಪಟ್ಟೆಗಳಲ್ಲಿ ಮರ ಬಿಡಿ, ಹಳೆ ಮರ ಬಿದ್ದ ಕಡೆ ಕೂಡಲೇ ನೆರಳಿಗೆ ಹಾಲುವಾಣದ ಮರ ನೆಡಿ. ಮೆಣಸಿನ ಆಸೆಗೆ ನೆರಳು ಬೋಳಿಸಿದ ತೋಟಗಳಲ್ಲಿ ಅರೇಬಿಕಾ ಸಾಲು ಸಾಲಾಗಿ ಹೋಗಿದ್ದನ್ನು ನೋಡಿದ್ದೇನೆ. ನೋವಾಗುತ್ತದೆ.

ಬೇಲೂರು ಅಕ್ಕ

ನಾನು ನಾಟಿ ಕೋಳಿ ಸಾಕಿದವಳು, ನನಗೆ ಗೊತ್ತಿರುವುದು ಅದೇ. ಹೇಂಟೆಗೆ ಕತ್ತಲೆ ಮೂಲೆ ಬೇಕು, ಬೆನ್ನಿಗೆ ಏನಾದರೂ ಆಸರೆ ಬೇಕು. ಬುಟ್ಟಿಯಲ್ಲಿ ಒಣಹುಲ್ಲು ಹಾಕಿ ಇಟ್ಟರೂ ಅದಕ್ಕೆ ಒಪ್ಪಿಗೆಯಾಗದಿದ್ದರೆ ಸೌದೆ ಒಟ್ಟಿಲಿನ ಸಂದಿಯಲ್ಲೇ ಇಡುತ್ತದೆ. ಒಂದು ಸಲ ಜಾಗ ಒಪ್ಪಿದರೆ ಅಲ್ಲಿಗೇ ಬರುತ್ತದೆ. ಅದಕ್ಕೇ ಗೂಡಿನ ಮೊಟ್ಟೆ ಎಲ್ಲಾ ಎತ್ತಬಾರದು, ಒಂದು ಬಿಡಬೇಕು. ಆ ಒಂದು ಮೊಟ್ಟೆ ಕಂಡರೆ "ಇದು ಸರಿಯಾದ ಜಾಗ" ಅಂತ ಅದಕ್ಕೆ ಧೈರ್ಯ.

ಇನ್ನೂ ಕೆಲವು ಹೇಳುತ್ತೇನೆ. ಮೊಟ್ಟೆ ಇಡಲು ಹುಂಜ ಬೇಕಿಲ್ಲ, ಮರಿ ಆಗಲು ಮಾತ್ರ ಬೇಕು. ಒಂದು ಮೊಟ್ಟೆ ತಯಾರಾಗಲು ಕೋಳಿಗೆ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಚಿಪ್ಪು ಬಹುಪಾಲು ಸುಣ್ಣ. ಸುಣ್ಣದಂಶ ಸಿಗದಿದ್ದರೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಆದ್ದರಿಂದ ಕಪ್ಪೆಚಿಪ್ಪಿನ ಪುಡಿ ಹಾಕಿ. ಕಾವಿಗೆ ಕೂತ ಹೇಂಟೆ 21 ದಿನ ಮೇವಿಗೆ ಎದ್ದರೂ ಬೇಗ ಓಡಿ ಬರುತ್ತದೆ. ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಾ ಇರುತ್ತದೆ. ಇಲ್ಲದಿದ್ದರೆ ಒಳಗಿನ ಮರಿ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ ನೋಡಿ.

ಹಾಸನದ ಮೇಷ್ಟ್ರು

ಅಕ್ಕ, ನೀವು ಹೇಳಿದ ಆ ಒಂದು ಮೊಟ್ಟೆಯೇ ಇಂಗ್ಲಿಷ್‌ನಲ್ಲಿ ಉಳಿತಾಯದ ಗಂಟಿಗೆ ಹೆಸರಾಗಿದೆ. ನೆಸ್ಟ್ ಎಗ್ ಅನ್ನುತ್ತಾರೆ. ಅಲ್ಲಿನ ಹಳ್ಳಿಯವರೂ ಗೂಡಿನಲ್ಲಿ ಒಂದು ಮೊಟ್ಟೆ ಬಿಡುತ್ತಿದ್ದರು, ಕೆಲವರು ಪಿಂಗಾಣಿ ಮೊಟ್ಟೆ ಇಡುತ್ತಿದ್ದರು. ಒಂದಿಷ್ಟು ಮುಟ್ಟದೆ ಬಿಟ್ಟರೆ ಅದರ ಜೊತೆ ಇನ್ನಷ್ಟು ಸೇರುತ್ತದೆ ಅನ್ನುವ ಅರ್ಥ ಹಾಗೆ ಬಂತು. ಒಂದು ವಿಷಯವನ್ನೇ ಬಹಳ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವುದಕ್ಕೆ ಬ್ರೂಡ್ ಅನ್ನುತ್ತಾರೆ, ಅದೂ ಕಾವು ಕೂತ ಕೋಳಿಯಿಂದ. ಕ್ರಿಕೆಟ್‌ನ ಡಕ್ ಕೂಡ ಹಾಗೇ, ಸೊನ್ನೆಯ ಆಕಾರ ನೋಡಿ ಬಾತುಕೋಳಿ ಮೊಟ್ಟೆ ಅಂದರು, ಆಮೇಲೆ ಮೊಟ್ಟೆ ಬಿಟ್ಟು ಬಾತುಕೋಳಿ ಉಳಿಯಿತು.

ನಾಟಕವೋ ವ್ಯಾಪಾರವೋ ನೆಲ ಕಚ್ಚಿದರೆ ಅಮೆರಿಕದವರು ಮೊಟ್ಟೆ ಇಟ್ಟಿತು ಅನ್ನುತ್ತಾರೆ. 1929ರಲ್ಲಿ ಷೇರು ಪೇಟೆ ಬಿದ್ದಾಗ ಅಕ್ಟೋಬರ್ 30ರ ವೆರೈಟಿ ಪತ್ರಿಕೆಯ ತಲೆಬರಹವೇ ಹಾಗಿತ್ತು: ವಾಲ್ ಸ್ಟ್ರೀಟ್ ಮೊಟ್ಟೆ ಇಟ್ಟಿತು ಅಂತ. ಈ ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದು ದಿನಕ್ಕೂ ಜಾಸ್ತಿ ದುಡಿದು, ಮೂಳೆಯ ಸುಣ್ಣ ಕೊಟ್ಟು ಕೋಳಿ ಮಾಡಿದ ಕೆಲಸ ಸೋಲಿನ ಹೆಸರಾಗಬಾರದಿತ್ತು.

ತರೀಕೆರೆ ಭದ್ರಾ

ಲಕ್ಕವಳ್ಳಿಯ ಕಡೆ ಬಂದಿದ್ದರೆ ನೋಡಿರುತ್ತೀರಿ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ನಡುವೆ ಗುಡ್ಡಗಳು ದ್ವೀಪವಾಗಿ ಏಳುತ್ತವೆ. ಅಲ್ಲಿಗೆ ನದಿ ರೀವ ಹಕ್ಕಿಗಳು ದಂಡುಗಟ್ಟಿ ಬರುತ್ತವೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಗೂಡು ಅಂತ ಏನೂ ಇಲ್ಲ. ಕಲ್ಲು ಮಣ್ಣಿನ ನಡುವೆ ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಚುಕ್ಕೆ ಮೊಟ್ಟೆ. ಸುತ್ತ ನೀರು ಇರುವುದರಿಂದ ನರಿ, ನಾಯಿ ಬರಲಾರವು. ಸುಡುವ ಬಿಸಿಲಲ್ಲಿ ಮೊಟ್ಟೆ ಬೇಯದ ಹಾಗೆ ತಾಯಿ ನೆರಳು ಕೊಡುತ್ತಾ ಕೂತಿರುತ್ತದೆ. ಇಲ್ಲಿ ಕಾವಿಗಿಂತ ತಂಪೇ ದೊಡ್ಡ ಕೆಲಸ.

ದೋಣಿಯಲ್ಲಿ ಹೋಗುವವರು ದಯವಿಟ್ಟು ಫೋಟೋಗೆ ಅಂತ ದ್ವೀಪದ ಅಂಚಿಗೆ ಹೋಗಬೇಡಿ. ಹಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. ಅವು ಮೇಲೆ ಕೂಗುತ್ತಾ ಸುತ್ತುವಷ್ಟು ಹೊತ್ತೂ ಕೆಳಗೆ ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ.

ಅರಸೀಕೆರೆ ಹೊಲ

ನಮ್ಮ ಬಯಲು ಸೀಮೆಯ ತೇನೆ ಹಕ್ಕಿಯೂ ಇದೇ ದಾರಿ. ಉತ್ತ ಹೊಲದಲ್ಲಿ ಸಾಮಾನ್ಯವಾಗಿ 4 ಮೊಟ್ಟೆ, ಚೂಪು ತುದಿ ಒಳಮುಖ ಮಾಡಿ ಜೋಡಿಸಿರುತ್ತದೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗಲ್ಲ. ಬಿಸಿಲು ಜೋರಾದರೆ ಹೋಗಿ ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ಬಂದು ಮೊಟ್ಟೆ ಮೇಲೆ ಕೂರುತ್ತದೆ. ನಮ್ಮ ತಂದೆ ಟ್ರ್ಯಾಕ್ಟರ್ ಓಡಿಸುವಾಗ ಆ ಜಾಗಕ್ಕೆ ಒಂದು ಕೋಲು ನೆಟ್ಟು ಸುತ್ತ ಬಿಟ್ಟು ಉಳುತ್ತಾರೆ.

ಕಳಸದ ಕಡೆಯವನು

ಹತ್ಮೀನಿನ ವಿಷಯ ಯಾರೂ ಎತ್ತಿಲ್ಲ, ಆದ್ದರಿಂದ ನಾನೇ ಎತ್ತುತ್ತೇನೆ. ಮುಂಗಾರಿನ ಮೊದಲ ದೊಡ್ಡ ನೀರಿಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ರಾತ್ರಿ ಬೆಳಕು, ಕತ್ತಿ ಹಿಡಿದು ಹೋಗುವುದು ನಮ್ಮ ಊರಿನ ಪದ್ಧತಿ. ಅಜ್ಜನ ಕಾಲದಿಂದ ತಿಂದಿದ್ದೇವೆ. ಆಗ ಮೀನು ಕಡಿಮೆ ಆಗಲಿಲ್ಲ. ಈಗ ಮಾತ್ರ ತಪ್ಪು ಅಂದರೆ ನಮ್ಮ ಕಡೆಯವರು ಒಪ್ಪಲ್ಲ.

ಶೃಂಗೇರಿ ತುಂಗೆ

ಪದ್ಧತಿ ಇತ್ತು ಅನ್ನುವುದು ನಿಜ. ಆದರೆ ಆ ಮೀನು ಹತ್ತುವುದು ಯಾಕೆ ಅಂತಲೂ ಹೇಳಬೇಕಲ್ವಾ. ಅದರ ಹೊಟ್ಟೆ ತುಂಬಾ ಮೊಟ್ಟೆ. ಗದ್ದೆಯ ತೆಳು ನೀರು ಬೇಗ ಬೆಚ್ಚಗಾಗುತ್ತದೆ, ಮರಿಗೆ ಸಣ್ಣ ಆಹಾರ ಸಿಗುತ್ತದೆ, ದೊಡ್ಡ ಮೀನಿನ ಕಾಟ ಇಲ್ಲ. ಹೊಳೆಯ ಸೆಳವಿನಲ್ಲಿ ಇಟ್ಟರೆ ಕೊಚ್ಚಿ ಹೋಗುತ್ತದೆ. ಮೀನಿನ ಮಟ್ಟಿಗೆ ನಮ್ಮ ಗದ್ದೆಯೇ ಬಾಣಂತಿ ಕೋಣೆ.

ಅಜ್ಜನ ಕಾಲದಲ್ಲಿ ಹಳ್ಳದ ಎರಡೂ ಕಡೆ ಗದ್ದೆ ಇತ್ತು, ಎಲ್ಲಾ ಕಡೆ ಹತ್ತುತ್ತಿದ್ದವು. ಈಗ ಗದ್ದೆ ಅಡಿಕೆ ತೋಟವಾಗಿದೆ, ಹಳ್ಳಕ್ಕೆ ಕಟ್ಟ ಬಂದಿದೆ. ಹತ್ತಲು ಉಳಿದಿರುವುದು ಕೆಲವೇ ದಾರಿ. ಆ ದಾರಿಯಲ್ಲೇ ದೊಡ್ಡ ಬ್ಯಾಟರಿ ಹಿಡಿದು ನಿಂತರೆ ಒಂದೂ ಮೇಲೆ ಹೋಗಲ್ಲ. ಕರೆಂಟು ಬಿಡುವವರು, ಮದ್ದು ಹಾಕುವವರು ಬೇರೆ.

ಹರಿಯುವ ನೀರಿಗೂ ಮೀನಿನ ಮೊಟ್ಟೆಗೂ ಇರುವ ನಂಟು ಎಷ್ಟು ಗಟ್ಟಿ ಅಂದರೆ, ಕಾಟ್ಲಾ, ರೋಹು ನಿಂತ ಕೆರೆಯಲ್ಲಿ ಎಷ್ಟು ದಪ್ಪ ಬೆಳೆದರೂ ಮೊಟ್ಟೆ ಬಿಡುವುದಿಲ್ಲ. ಮೊದಲು ಮೀನುಮರಿ ಬೇಕಾದರೆ ನದಿಯಿಂದಲೇ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಸಾಕು ಮೀನಿನಿಂದ ಮೊಟ್ಟೆ ಬಿಡಿಸಿದರು. ಈಗ ನಾವು ಕೆರೆಗೆ ಬಿಡುವ ಮರಿಗಳೆಲ್ಲ ಆ ಕೆಲಸದಿಂದ ಬಂದವು. ಆ ದಿನವನ್ನೇ ದೇಶದಲ್ಲಿ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. ಆದರೆ ನಮ್ಮ ಹಳ್ಳದ ಸಣ್ಣ ಮೀನುಗಳಿಗೆ ಯಾರೂ ಇಂಜೆಕ್ಷನ್ ಕೊಡುವವರಿಲ್ಲ.

ಕಳಸದ ಕಡೆಯವನು

ಗದ್ದೆ ಕಡಿಮೆಯಾಗಿದ್ದು ಸರಿಯಾದ ಮಾತು. ಪೂರ್ತಿ ಬಿಡಿ ಅಂದರೆ ಯಾರೂ ಕೇಳಲ್ಲ. ಏನು ಮಾಡಿದರೆ ಊರಿನವರು ಒಪ್ಪಬಹುದು, ಅದನ್ನು ಹೇಳಿ.

ಶೃಂಗೇರಿ ತುಂಗೆ

ಹತ್ತುವಾಗ ಬಿಡಿ, ಮೊಟ್ಟೆ ಬಿಟ್ಟು ಇಳಿಯುವಾಗ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಾಕಿ. ನಮ್ಮ ಹಳ್ಳದವರು ಮಾತಾಡಿಕೊಂಡಿರುವುದು ಇಷ್ಟೇ: ಮೊದಲ ಏರು ನೀರಿನ ರಾತ್ರಿಗಳಲ್ಲಿ ಯಾರೂ ಹೋಗುವುದಿಲ್ಲ, ಕರೆಂಟು ಮತ್ತು ಮದ್ದು ಯಾವಾಗಲೂ ಇಲ್ಲ, ಹಳ್ಳದ ಕಟ್ಟದ ಒಂದು ಬದಿಯಲ್ಲಿ ಮೀನು ಹತ್ತುವಷ್ಟು ಸಂದು ಬಿಡುವುದು. ಕೆಲವರು ಇನ್ನೂ ಮುನಿಸಿಕೊಂಡಿದ್ದಾರೆ. ಪರವಾಗಿಲ್ಲ, ಮಾತಾಡುತ್ತಾ ಇದ್ದೇವೆ.

ಕಾಲೇಜು ಹುಡುಗ, ಚಿಕ್ಕಮಗಳೂರು

ಚಿಕ್ಕದಾಗಿ ಎರಡು ಸೇರಿಸುತ್ತೇನೆ. ಗದ್ದೆ ಏಡಿ ಮೊಟ್ಟೆಯನ್ನು ಎಲ್ಲೂ ಇಡುವುದೇ ಇಲ್ಲ, ಹೊಟ್ಟೆ ಕೆಳಗಿನ ಮಡಿಕೆಯಲ್ಲಿ ಹೊತ್ತು ತಿರುಗುತ್ತದೆ. ಅದರಿಂದ ಹೊರಬರುವುದು ಪುಟ್ಟ ಏಡಿಯೇ. ಚಗಳಿ ಚಟ್ನಿಯಲ್ಲಿ ಇರುವೆ ಮೊಟ್ಟೆ ಅಂತ ನಾವು ತಿನ್ನುವ ಬಿಳಿ ಕಾಳುಗಳಲ್ಲಿ ಬಹುಪಾಲು ಮೊಟ್ಟೆ ಅಲ್ಲ, ಮರಿಹುಳು ಮತ್ತು ಕೋಶ. ನಿಜವಾದ ಮೊಟ್ಟೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು.

ಮೊದಲ ಪೋಸ್ಟಿನ ಕಪ್ಪೆ ಓದಿ ಕುಂಬಾರ ಕಪ್ಪೆ ನೆನಪಾಯಿತು. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡದ್ದು, 2014ರಲ್ಲಿ ಹೊಸ ಜಾತಿ ಅಂತ ಗುರುತಾಯಿತು. ಹಳ್ಳದ ಪಕ್ಕದ ಕಡ್ಡಿಗೆ ಮೊಟ್ಟೆ ಅಂಟಿದ ಮೇಲೆ ಗಂಡು ಕಪ್ಪೆ ಎರಡೂ ಕೈಯಲ್ಲಿ ಕೆಸರು ಎತ್ತಿ ಎತ್ತಿ ಅದಕ್ಕೆ ಮೆತ್ತುತ್ತದೆ. ಒಣಗದ ಹಾಗೆ, ಕಾಣದ ಹಾಗೆ.

ಆಲೂರು ಗದ್ದೆ

ಬೇಲೂರು ಅಕ್ಕನಿಗೆ ಒಂದು ಪ್ರಶ್ನೆ. ಈ ಮಳೆಗೆ ಮೊಟ್ಟೆಗೆಲ್ಲ ಕೆಸರು ಮೆತ್ತಿದೆ. ಕಾವಿಗೆ ಇಡುವ ಮುಂಚೆ ತೊಳೆಯಬಹುದಾ?

ಬೇಲೂರು ಅಕ್ಕ

ತೊಳೆಯಬೇಡಿ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿವೆ, ಮರಿ ಉಸಿರಾಡುವುದು ಅದರಿಂದಲೇ. ಇಟ್ಟ ಹೊಸತರಲ್ಲಿ ಅದರ ಮೇಲೆ ಒಂದು ತೆಳು ಪೊರೆ ಇರುತ್ತದೆ, ಕೊಳಕು ಒಳಗೆ ಹೋಗದ ಹಾಗೆ ತಡೆಯುತ್ತದೆ. ನೀರು ಹಾಕಿ ಉಜ್ಜಿದರೆ ಪೊರೆ ಹೋಗುತ್ತದೆ, ಕೆಸರು ನೀರು ತೂತಿನೊಳಗೆ ಇಳಿಯುತ್ತದೆ. ಸ್ವಲ್ಪ ಕೆಸರಾದರೆ ಒಣಗಲು ಬಿಟ್ಟು ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಜಾಸ್ತಿ ಮೆತ್ತಿದ್ದನ್ನು ಅಡುಗೆಗೆ ಇಟ್ಟುಕೊಳ್ಳಿ, ಕಾವಿಗೆ ಚೊಕ್ಕಟವಾದದ್ದನ್ನೇ ಆರಿಸಿ. ಒಂದು ವಾರ ಆದ ಮೇಲೆ ರಾತ್ರಿ ಟಾರ್ಚ್ ಹಿಡಿದು ನೋಡಿ, ಒಳಗೆ ಕೆಂಪು ನರಗಳು ಕಂಡರೆ ಮರಿ ಕಟ್ಟಿದೆ. ಕಾಣದಿದ್ದರೆ ಗೊಡ್ಡು ಮೊಟ್ಟೆ, ತೆಗೆದುಬಿಡಿ. ಗೂಡಿನ ಹುಲ್ಲೂ ಬದಲಿಸಿ, ಒದ್ದೆ ಹುಲ್ಲಿದ್ದರೆ ಹೇಂಟೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗುತ್ತದೆ.